ಕುಠ್ಠಾಳಿ ಧಕ್ಕೆಯಲ್ಲಿ ಪದರ ಹಾಸಿದ್ದು

ಈ ವರ್ಷ ಸತ್ತ ಮೂರನೇ ಕಾರ್ಡು ಇದು.
ಜುವಾರಿಯ ಉಪ್ಪುಗಾಳಿ ಒಂದು ಕಾರಣ,
ಹೇಳದೆ ಕೇಳದೆ ಹೋಗುವ ಕರೆಂಟು ಇನ್ನೊಂದು.
ಟಿಕೆಟಿನ ಡಬ್ಬಿ ಬರೆಯುತ್ತ ಬರೆಯುತ್ತ
ಅರ್ಧ ಅಕ್ಷರದಲ್ಲಿ ಕಣ್ಣು ಮುಚ್ಚುತ್ತದೆ,
ಮತ್ತೆ ತೆರೆದಾಗ ತಾನು ಯಾರೆಂಬುದೇ ಗೊತ್ತಿರುವುದಿಲ್ಲ.

ಹಾಗಾಗಿ ನನ್ನನ್ನು ಕಳಿಸಿದ್ದಾರೆ,
ಕೊನೆಯ ಫೆರ್ರಿ ಮಡಕಯಿಗೆ ಹೋದ ಮೇಲೆ.
ಮೂಲವನ್ನು ಯಾರೂ ಮುಟ್ಟಕೂಡದು, ಅಂದರು ಸಾಹೇಬರು,
ಬರೆಯುವುದೇನಿದ್ದರೂ ಮೇಲೆ ಮೇಲೆ ಬರೆದುಕೊಳ್ಳಲಿ.
ಹಾಂ, ಆ ಇನಾಸನ ಹೆಸರನ್ನೂ ತೆಗೆದುಬಿಡು.

ಲ್ಯಾಪ್‌ಟಾಪು ಮೊಣಕಾಲ ಮೇಲೆ, ಕೇಬಲ್ಲು ಡಬ್ಬಿಯ ಹೊಕ್ಕುಳಿಗೆ.
ಮೌಂಟ್ ಮಾಡು ಅಂದರೆ
ಓವರ್‌ಲೇ? ಆ ಹೆಸರಿನವರು ಇಲ್ಲಿಲ್ಲ, ಅಂದಿತು ಕರ್ನೆಲ್ಲು
ಬಾಗಿಲ ಸಂದಿಯಿಂದಲೇ,
ವಾಸ್ಕೋದಲ್ಲಿ ಬಾಡಿಗೆ ಮನೆ ಕೇಳಿ ಹೋದಾಗ ನಮಗೆ ಅಂದ ಹಾಗೆ.

ಸರಿ, ಕರ್ನೆಲ್ಲನ್ನೇ ಮತ್ತೆ ಕಟ್ಟಬೇಕು.
ನೀಲಿ ಪರದೆ, ಬೂದು ಪೆಟ್ಟಿಗೆ, ಪಟ್ಟಿಯೊಳಗೆ ಪಟ್ಟಿ.
ಇಳಿದೆ, ಇಳಿದೆ, ಸಿಕ್ಕಿತು ಒಂದು ಖಾಲಿ ಕಂಸ.
ಅದರೊಳಗೆ ಎಮ್ ಇಡಬಹುದು, ಇಲ್ಲವೇ ನಕ್ಷತ್ರ.

ಎಮ್ ಅಂದರೆ ಕರೆದಾಗ ಬರುವ ಆಳು.
ಅಪ್ಪ ಎಮ್ ಆಗಿದ್ದ.
ಬಿರ್ಲಾ ಸ್ಟಾಪಿನಲ್ಲಿ ಬೆಳಗಿನ ಏಳಕ್ಕೆ ಬುತ್ತಿ ಹಿಡಿದು ನಿಲ್ಲುತ್ತಿದ್ದ,
ಟೆಂಪೋ ನಿಧಾನ ಮಾಡಿ ಯಾರಾದರೂ
ಏ ಘಾಂಟಿ ಎಂದು ಕೂಗುವ ತನಕ.
ಕೆಲಸ ತೀರಿದರೆ ಇಳಿಸಿಬಿಡುತ್ತಿದ್ದರು, ನೆನಪಿನಿಂದಲೂ.
ಆದರೆ ಇಲ್ಲಿ ಬೇರನ್ನೇ ಪದರದ ಮೇಲೆ ನಿಲ್ಲಿಸಬೇಕು,
ಆಳು ಬರುವಷ್ಟರಲ್ಲಿ ಹೊತ್ತು ಮೀರಿರುತ್ತದೆ.
ನಕ್ಷತ್ರ ಒತ್ತಿದೆ. ಸ್ವಲ್ಪ ಜೋರಾಗಿಯೇ ಒತ್ತಿದೆನೇನೋ.

ಕಟ್ಟಿ ಮುಗಿಯಲು ಇಪ್ಪತ್ತೆಂಟು ನಿಮಿಷ.
ಸಾಲು ಸಾಲು ಅಕ್ಷರ ಹರಿಯುತ್ತಿವೆ,
ಕಾವಲಿನ ಸಗುಣ ಗಾಳ ಬಿಟ್ಟು ಕೂತಿದ್ದಾನೆ,
ಅವನಿಗೂ ಏನೂ ಕಚ್ಚಿಲ್ಲ.

ಆಮೇಲೆ ನಾಲ್ಕು ಜಾಗ ಹೇಳಿಕೊಟ್ಟೆ:
ಕೆಳಗಿನದು, ಅದಕ್ಕೆ ಓದಲು ಮಾತ್ರ ಅಪ್ಪಣೆ;
ಮೇಲಿನದು, ಕರೆಂಟು ಇರುವಷ್ಟೇ ಆಯುಸ್ಸು;
ಯಾರ ಕಣ್ಣಿಗೂ ಬೀಳದ ಒಂದು ಕೆಲಸದ ಕೋಣೆ;
ಮತ್ತೆ ಇವೆಲ್ಲ ಕೂಡಿ ಒಂದೇ ಎಂಬಂತೆ ಕಾಣುವುದು.
ಕಾರಿನ ದರ ತಿದ್ದಿ ನೋಡಿದೆ.
ಒಂದೇ ಒಂದು ಅಂಕಿಗಾಗಿ
ಇಡೀ ಕಡತ ಕೆಳಗಿನಿಂದ ಮೇಲಕ್ಕೆ ಹತ್ತಿ ಬಂತು.

ಅವ್ವನ ಕೌದಿಯ ಅಡಿಯಲ್ಲಿ ಅಜ್ಜಿಯ ಇಳಕಲ್ಲಿದೆ.
ಅದಕ್ಕೆ ಕತ್ತರಿ ತಾಗಿಸಿದವಳಲ್ಲ ಅವಳು.
ಹರದಲ್ಲಿ ತ್ಯಾಪಿ ಹಚ್ಚ, ಒಳಗಿಂದು ಬಿಚ್ಚಬ್ಯಾಡ.

ಇನ್ನು ಇನಾಸ್.
ಹನ್ನೊಂದು ವರ್ಷ ಪ್ರತಿ ಚೀಟಿಯ ಕಾಲಬುಡದಲ್ಲಿ
ಇನಾಸ್ ಬರೆಟ್ಟೊ, ಕೌಂಟರ್ ಒಂದು.
ಮೇ ತಿಂಗಳಲ್ಲಿ ಹೋದ. ಚೀಟಿಯಿಂದ ಹೋಗಿರಲಿಲ್ಲ.
ಅಳಿಸಿದೆ. ಒಂದು ಚೀಟಿ ಹೊಡೆದು ನೋಡಿದೆ: ಬುಡ ಬಿಳಿ.

ಅಳಿಸಿದ್ದು ಅಂದೆನಲ್ಲ, ಅದು ಪೂರ್ತಿ ನಿಜವಲ್ಲ.
ಮೇಲಿನ ಪದರದಲ್ಲಿ ಸೊನ್ನೆ, ಸೊನ್ನೆ ಎಂಬ ಗುರುತೊಂದು
ಕೆಳಗಿನ ಹೆಸರಿಗೆ ಅಡ್ಡ ಬಂದು ನಿಲ್ಲುತ್ತದೆ, ಅಷ್ಟೆ.
ಹಿಂದೆ ಹೆಸರು ತನ್ನ ಪಾಡಿಗೆ ತಾನು ಕೂತಿರುತ್ತದೆ.

ಪರೀಕ್ಷೆಗೆಂದು ಪ್ಲಗ್ಗು ಕಿತ್ತೆ.
ಕತ್ತಲು. ನೀರು ಕಂಬಕ್ಕೆ ತಾಗುವ ಸದ್ದು.
ಮತ್ತೆ ಚುಚ್ಚಿದೆ. ಹನ್ನೊಂದು ಸೆಕೆಂಡಿಗೆ ಎದ್ದು ಕೂತಿತು,
ಗಾಯವಿಲ್ಲ, ಗಲಿಬಿಲಿಯಿಲ್ಲ, ನಿನ್ನೆಯೂ ಇಲ್ಲ.
ಸಗುಣ ಬಂದು ಗುಂಡಿ ಒತ್ತಿದ.
ಚೀಟಿ ಹರಿದುಕೊಂಡು ದೀಪಕ್ಕೆ ಹಿಡಿದ.
ಆಯ್ಲೊ ಮರೆ, ಅಂದ, ಮೆಲ್ಲಗೆ,
ನಾಲ್ಕಾಗಿ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡ.

ಕೆಳಗಿನ ಪದರವನ್ನೇ ಹೊಸದಾಗಿ ಬೇಯಿಸಿದರೆ ಹೋಗುತ್ತಾನೆ.
ಅರ್ಧ ಗಂಟೆಯ ಕೆಲಸ. ಗೊತ್ತು ನನಗೆ.
ಆಚೆ ದಡದಲ್ಲಿ ಮೊದಲ ಫೆರ್ರಿಯ ದೀಪ ಆಗಲೇ ಅಲುಗಾಡುತ್ತಿತ್ತು.

ಕೇಬಲ್ಲು ಸುತ್ತಿದೆ. ಪುಸ್ತಕದಲ್ಲಿ ಬರೆದೆ:
ಪದರ ಕೂತಿದೆ.
ಹೆಸರಿನ ಕೆಲಸ ಬಾಕಿ.