ಮೊಣಕೈ

ಗುಡುಗಿದ ಮರುದಿನ
ಪೊಸಡಿಗುಂಪೆಯ ಇಳಿಜಾರಲ್ಲಿ
ಹುತ್ತದ ಮಗ್ಗುಲಿಗೆ ಕುಕ್ಕರಗಾಲಲ್ಲಿ ಕೂತು
ಚೋಮಾರು ಹೇಳಿದ್ದು:
“ಅಳಂಬು ಮೊಗ್ಗಿಗೆ ಬೆರಳು ತೋರಿಸ್ಬೇಡಿ ಟೀಚರೇ,
ನಾಚಿ ಅಲ್ಲಿಗೇ ನಿಲ್ತದೆ.”
ಮೊಣಕೈಯಿಂದ ತೋರಿಸಿದಳು.
ನಾನೂ ಮೊಣಕೈಯಲ್ಲೇ ಎಣಿಸಿದೆ. ಹನ್ನೊಂದು.

ಈಗ ಉಪ್ಪಳದ ಬಾಡಿಗೆಮನೆ. ಬಚ್ಚಲ ಪಕ್ಕ
ಬೇಯಿಸಿದ ಬೈಹುಲ್ಲಿನ ನಾಲ್ಕು ಚೀಲ
ನೈಲಾನ್ ಹಗ್ಗಕ್ಕೆ ನೇತುಬಿದ್ದಿವೆ.
ಬೀಜ ಹಾಕಿದ ತಾರೀಕು, ನೀರು ಚಿಮುಕಿಸಿದ ಹೊತ್ತು,
ಎಲ್ಲ ಚೀಟಿಯಲ್ಲಿದೆ.
ಒಂದಕ್ಕೆ ಹಸಿರು ಬೂಷ್ಟು ಹಿಡಿದು
ತೆಂಗಿನ ಬುಡಕ್ಕೆ ಹೋಯಿತು.
ಹುತ್ತದ್ದು ಮಾತ್ರ
ಯಾವ ಚೀಟಿಗೂ ಬಗ್ಗುವುದಿಲ್ಲ.

ಹತ್ತೊಂಬತ್ತನೆಯ ಬೆಳಗ್ಗೆ
ತೂತಿನ ಬಾಯಲ್ಲಿ ಸಾಸಿವೆಯಷ್ಟು ಬೂದು ತಲೆಗಳು.
ಕೂಗಿ ಕರೆದೆ. ಕೆಳಮನೆಯ ನಬೀಸಾ
ಕೈಯ ಮೀನುಪರೆ ಒರೆಸುತ್ತ ಬಂದು,
“ಎಲ್ಲಿ?” ಎಂದಳು.

ಎತ್ತಿದ ತೋರುಬೆರಳು
ಅರ್ಧದಲ್ಲೇ ಮಡಚಿಕೊಂಡಿತು.
ಮೊಣಕೈ ತಾಗಿ
ಚೀಲ ಒಮ್ಮೆ ತೂಗಿತು.