ದಾಖಲಾತಿ ರಿಜಿಸ್ಟರು, ಪುಟ ನಲವತ್ತೊಂದು

ಹೌದು ಹುಜೂರ್, ಅಕ್ಷರ ನನ್ನದೇ.
ಏಳರ ಸೊಂಟಕ್ಕೆ ಹೀಗೆ ಅಡ್ಡಗೆರೆ ಎಳೆಯುವವನು
ಇಡೀ ಬ್ಲಾಕಿನಲ್ಲಿ ನಾನೊಬ್ಬನೇ.
ಐದನೇ ಜನವರಿ, ಎರಡು ಸಾವಿರದ ಏಳು.
ಮೇಲಿನ ಹುಡುಗಿಯೂ ಜನವರಿ, ಕೆಳಗಿನವನೂ ಜನವರಿ.
ಪುಟ ತಿರುವಿ ನೋಡಿ, ನಮ್ಮ ಮುಸಹರಿ ಟೋಲೆಯಲ್ಲಿ
ಬೇರೆ ತಿಂಗಳಲ್ಲಿ ಯಾರೂ ಹುಟ್ಟಿಲ್ಲ.

ಸರ್ಕಾರಿ ವಕೀಲರು ನಕ್ಕರು. ನಗಲಿ.

ಕಾನೂನಿಗೂ ಒಂದು ಸಾಲಿದೆಯಂತೆ,
ರೇಷನ್ ಅಂಗಡಿಯ ಮುಂದೆ ಇರುವ ಹಾಗೆ:
ಮೊದಲು ಶಾಲೆಯ ಕಾಗದ,
ಅದಿಲ್ಲದಿದ್ದರೆ ಪಂಚಾಯಿತಿಯದು,
ಎರಡೂ ಇಲ್ಲವೆಂದರೆ ಮೂಳೆ.
ಆ ಸಾಲಿನಲ್ಲಿ ತಾಯಿ ಎಲ್ಲೂ ನಿಂತಿಲ್ಲ.

ಹೋದ ವಾಯಿದೆಗೆ ಕಬೂತರಿ ದೇವಿ
ಇದೇ ಕಟಕಟೆ ಹಿಡಿದು ಹೇಳಿದಳು:
ಕೋಸಿ ಒಡ್ಡು ಒಡೆದ ಎಂಟನೇ ರಾತ್ರಿ,
ಉಳಿದ ಒಡ್ಡಿನ ಮೇಲೆ, ನೀಲಿ ಪ್ಲಾಸ್ಟಿಕ್ಕಿನ ಕೆಳಗೆ.
ಪಕ್ಕದಲ್ಲಿ ಮೇಕೆ, ಅದರ ಪಕ್ಕ ನೀರಿಗೆ ಹೆದರಿ ಬಂದ ಹಾವು,
ಯಾರೂ ಯಾರನ್ನೂ ಕಚ್ಚಲಿಲ್ಲ.
ದೋಣಿಯವನ ಬ್ಲೇಡಿನಲ್ಲಿ ಹೊಕ್ಕುಳಬಳ್ಳಿ ಕೊಯ್ದೆ.

ತಾರೀಖು? ಎಂದರು ವಕೀಲರು.
ನೀರು ಬಂದಿತ್ತಲ್ಲ, ಎಂದಳು.
ತಾರೀಖು ಹೇಳಮ್ಮ.
ಹೇಳಿದೆನಲ್ಲ.
ಗುಮಾಸ್ತರು ಟೈಪು ಮಾಡಿದರು:
ಸಾಕ್ಷಿಗೆ ದಿನಾಂಕ ಗೊತ್ತಿಲ್ಲ.

ಲಾರಿ ಚಾಲಕ ಸತ್ತ ಆ ರಾತ್ರಿ
ಅವಳ ನೀರಿನ ಲೆಕ್ಕಕ್ಕೆ ಹುಡುಗನಿಗೆ ಹದಿನಾರೂವರೆಯೂ ತುಂಬಿಲ್ಲ,
ನನ್ನ ಶಾಯಿಯ ಲೆಕ್ಕಕ್ಕೆ ಹದಿನೆಂಟು ದಾಟಿ ಐದು ವಾರ.
ಆಚೆಗೆ ಸುಧಾರಣಾ ಗೃಹ, ಈಚೆಗೆ ಜೈಲು,
ನಡುವೆ ನನ್ನ ಐದು ವಾರ.
ವೈದ್ಯರು ಮಣಿಕಟ್ಟಿನ ಫೋಟೋ ಬೆಳಕಿಗೆ ಹಿಡಿದು
ಹದಿನೇಳರಿಂದ ಹತ್ತೊಂಬತ್ತು ಎಂದು ಬರೆದು
ಕೈತೊಳೆದುಕೊಂಡರು.

ಈಗ ನೀವು ಕೇಳುತ್ತಿದ್ದೀರಿ: ಯಾರು ಹೇಳಿ ಬರೆಸಿದ್ದು?

ಯಾರೂ ಹೇಳಲಿಲ್ಲ ಹುಜೂರ್.
ಅಕ್ಕನ ಲಂಗ ಹಿಡಿದು ಬಂದಿತ್ತು ಕೂಸು,
ಖಿಚಡಿಯ ವಾಸನೆಗೆ.
ಆರು ತುಂಬದೆ ಹೆಸರು ಹಚ್ಚುವಂತಿಲ್ಲ,
ಹೆಸರಿಲ್ಲದೆ ತಟ್ಟೆಯಿಲ್ಲ.
ಬಲಗೈಯನ್ನು ತಲೆಯ ಮೇಲಿಂದ ಹಾಯಿಸಿ
ಎಡಗಿವಿ ಮುಟ್ಟು ಎಂದೆ, ನಮ್ಮ ಹಳೆಯ ಪರೀಕ್ಷೆ.
ನಾಲ್ಕು ಬೆರಳು ಕಡಿಮೆ ಬಿತ್ತು.

ಹೆಸರು? ಫೇಕನ್, ಎಂದಳು ಅಕ್ಕ.
ಎಸೆದದ್ದು ಎಂದರ್ಥ.
ಅವಳ ಬೆನ್ನಿಗೆ ಬಂದ ಎರಡು ಗಂಡು ಉಳಿಯದೆ,
ಮೂರನೆಯದನ್ನು ಹುಡುಕಿಕೊಂಡು ಸಾವು ಬಂದರೆ
ಇದು ಕಸ, ಆಗಲೇ ಎಸೆದಾಯಿತು
ಎನ್ನಲಿಕ್ಕೆ ಇಟ್ಟ ಹೆಸರು.
ಯಮನಿಗೆ ತಾಯಿ ಹೇಳಿದ ಸುಳ್ಳು ಫಲಿಸಿತ್ತು.
ಸರ್ಕಾರಕ್ಕೆ ನಾನೊಂದು ಹೇಳಿದೆ.
ಅವತ್ತು ಎರಡು ಸೌಟು ತಿಂದ.

ನನ್ನದೇ ವಯಸ್ಸು ನೋಡಿ: ನನ್ನ ಮೇಷ್ಟ್ರು ಬರೆದ ದಿನಕ್ಕೆ
ಅರವತ್ತು ತುಂಬಿ ನಿವೃತ್ತನಾದೆ,
ನಿನಗಿನ್ನೂ ಎರಡು ಮಾವಿನ ಕಾಲ ಬಾಕಿಯಿದೆ
ಎಂದು ಅಮ್ಮ ಗೊಣಗುತ್ತಿದ್ದಳು.
ಪಿಂಚಣಿ ಕೊಡುವವರು ಅಮ್ಮನನ್ನು ಕೇಳಲಿಲ್ಲ.

ಒಂದು ಭಯವಿದೆ, ಅದನ್ನೂ ಹೇಳಿಬಿಡುತ್ತೇನೆ.
ಹೋದ ಲಗ್ನದ ಕಾಲದಲ್ಲಿ ಇದೇ ರಿಜಿಸ್ಟರು ಹೊತ್ತೊಯ್ದು
ಸುಗಿಯಾಳ ಮದುವೆ ನಿಲ್ಲಿಸಿದೆವು.
ಪುಟ ಐವತ್ತಾರು. ಹದಿನೈದು ಎಂದು ಓದಿದೊಡನೆ
ಗಂಡಿನ ಕಡೆಯವರು ಟ್ರ್ಯಾಕ್ಟರ್ ತಿರುಗಿಸಿದರು.
ಅವಳದೂ ಜನವರಿಯೇ.
ಇಲ್ಲಿ ನಾನು ಬಾಯಿಬಿಟ್ಟರೆ
ಅಲ್ಲಿ ಆ ಪುಟದ ದಾರ ಸಡಿಲುತ್ತದೆ.

ಪೇದೆಯ ಕೈಯ ಹಗ್ಗದ ತುದಿಯಲ್ಲಿ ನಿಂತಿದ್ದಾನೆ,
ನನಗಿಂತ ಗೇಣುದ್ದ ಎತ್ತರ.
ನನ್ನ ಗುರುತು ಹತ್ತಿತೋ ಇಲ್ಲವೋ.
ಅವನ ಕೈ ಈಗ ಎಲ್ಲಿಗೂ ಎಟುಕುತ್ತದೆ,
ಎಟುಕಿದ್ದಕ್ಕೇ ಅಲ್ಲವೆ ಇಲ್ಲಿರುವುದು.

ಬರೆದುಕೊಳ್ಳಿ ಹುಜೂರ್:
ಅವತ್ತು ಎಟುಕಿರಲಿಲ್ಲ.
ಎಟುಕಲೆಂದು ಅವನ ತಲೆ ಬಾಗಿಸಿದವನು ನಾನು.

ಗುಮಾಸ್ತರ ಬೆರಳು ಕೀಲಿಯ ಮೇಲೆ ನಿಂತಿದೆ.
ಮೇಷ್ಟ್ರೇ, ಎನ್ನುತ್ತಾರೆ ತಗ್ಗಿದ ದನಿಯಲ್ಲಿ,
ಹೌದು ಅಂತ ಹಾಕಲೋ, ಇಲ್ಲ ಅಂತಲೋ?