ಟೆಂಡರು ಮುಗಿದ ಮೂರು ದಿನ

ನನ್ನ ಕೊರಳ ಕಾರ್ಡಿಗೆ ಎರಡು ಮುಖ.
ಮುಂದೆ ಗಂಡಭೇರುಂಡ (ಅದಕ್ಕೇ ಎರಡು ತಲೆ),
ಹಿಂದೆ ಕಂಪನಿಯ ನೀಲಿ ಬಾಣ.
ಫ್ಯಾನಿನ ಗಾಳಿಗೆ ತಿರುಗುತ್ತಲೇ ಇರುತ್ತದೆ;
ಸಂಬಳ ತಡವಾದರೆ ಯಾವ ಮುಖವನ್ನು ಕೇಳಬೇಕೋ
ಆರು ವರ್ಷವಾದರೂ ತಿಳಿದಿಲ್ಲ.

ಶಿಡ್ಲಘಟ್ಟದ ಗೂಡಿನ ಮಾರ್ಕೆಟ್ಟು, ನಾಲ್ಕನೇ ಕೌಂಟರು.
ಲಾಟಿನ ನಂಬರು ಒತ್ತುವುದು, ತೂಕ ಹತ್ತಿಸುವುದು,
ರೀಲರುಗಳ ಮೊಬೈಲಿನಲ್ಲಿ ಬಿಡ್ಡು ಏರುವಾಗ
ಟೀ ತಣ್ಣಗಾಗಲು ಬಿಡುವುದು.
ಇಷ್ಟೇ ನನ್ನ ಕೆಲಸ.

ಏಪ್ರಿಲ್ ಒಂದು, ಹತ್ತೂಕಾಲು.
ಪರದೆಯ ಮೇಲೆ ಒಂದು ಚಕ್ರ ಸುತ್ತತೊಡಗಿತು.
ಸುತ್ತಿತು. ಸುತ್ತಿತು.
ಹುಳುವಾಗಿದ್ದರೆ ಅಷ್ಟು ಸುತ್ತಿಗೆ
ಒಂದು ಗೂಡಾದರೂ ಕಟ್ಟಿರುತ್ತಿತ್ತು.

ಇಲಾಖೆಗೆ ಫೋನು ಮಾಡಿದೆ: ಕಂಪನಿಯನ್ನು ಕೇಳಮ್ಮ.
ಕಂಪನಿಗೆ ಮಾಡಿದೆ: ನಿನ್ನೆಗೆ ಅವಧಿ ಮುಗೀತು ಮೇಡಂ,
ಇಲಾಖೆಯನ್ನು ಕೇಳಿ.
ಹಳೆ ಕಂಪನಿಯ ಬಾಕಿ ಬಿಲ್ಲು ಯಾವ ಮೇಜಿನ ಮೇಲೋ,
ಹೊಸ ಕಂಪನಿಯ ಫೈಲು ಯಾರ ಸಹಿಗೋ;
ನಡುವೆ ಮುನ್ನೂರ ಹನ್ನೆರಡು ಲಾಟು,
ಜಾಲರಿಯೊಳಗೆ ಬೆಚ್ಚಗೆ, ಜೀವವಿರುವ ಗೂಡು.

ದಿಬ್ಬೂರಹಳ್ಳಿಯ ಚೌಡರೆಡ್ಡಿ ಕಿಟಕಿಗೆ ಮುಖ ತಂದ:
“ಏಮಮ್ಮಾ, ನಿಮ್ಮ ಸಹಿ ಕಾಯ್ತದೆ.
ಒಳಗಿರೋ ಹುಳಕ್ಕೆ ಟೆಂಡರು ಗೊತ್ತಾ?
ಇನ್ನು ಮೂರು ದಿನ. ತೂತು ಕೊರ್ಕೊಂಡು ಬಂದ್ರೆ
ನೂಲು ಎಲ್ಲಿಂದ ತೆಗೀತೀರಿ?”

ಆಗ ಎದ್ದು ನಿಂತವರು ಪ್ಯಾರೇಜಾನ್ ಸಾಬರು.
ಒಂದು ಕಾಲಕ್ಕೆ ಹರಾಜು ಕೂಗುತ್ತಿದ್ದವರು,
ಈಗ ಮೂಲೆಯಲ್ಲಿ ಬೀಡಿ ಬೆಂಕಿಪೊಟ್ಟಣದ ಪೆಟ್ಟಿಗೆ.
ಮೊದಲ ಕೂಗು ಕೆಮ್ಮಾಯಿತು.
ಎರಡನೆಯದಕ್ಕೆ ತಗಡಿನ ಸೂರು ಕಿವಿ ನಿಮಿರಿಸಿತು.

ನಾನು ಹಿಂದಿನ ಕಾಲ ಹೊಗಳುವವಳಲ್ಲ.
ಕಂಡೆ: ದೊಡ್ಡ ರೀಲರುಗಳಿಬ್ಬರ ಕಣ್ಣು ಕಣ್ಣು ಮಾತಾಡಿ
ಕಿಲೋಗೆ ಮೂವತ್ತು ರೂಪಾಯಿ ಕುಸಿದದ್ದು;
ಸ್ಯಾಂಪಲ್ಲು ಅಂತ ಹಿಡಿ ಹಿಡಿ ಗೂಡು ಜೇಬು ಸೇರಿದ್ದು.
ಇದನ್ನೂ ಕಂಡೆ: ಒಂದೇ ಬೇಸಿನ್ನಿನ ಮೆಹರಾಜ್ ಬೀ
ಪಕ್ಕದ ಮನೆಯವನ ಮೊಬೈಲು ಬೇಡದೆ
ತನ್ನ ಬಾಯಲ್ಲೇ ತನ್ನ ಬೆಲೆ ಹೇಳಿ
ಹದಿನೆಂಟು ಕಿಲೋ ಹೊತ್ತು ಹೋದದ್ದು.
ಎಲ್ಲವನ್ನೂ ಬರೆದಿಟ್ಟೆ, ನೋಟ್‌ಬುಕ್ಕಿನಲ್ಲಿ,
ನನ್ನ ಕೋಳಿಕಾಲಿನ ಅಕ್ಷರದಲ್ಲಿ.

ನಾಲ್ಕನೇ ದಿನ ಹೊಸಬರು ಬಂದರು.
ರಿಬ್ಬನ್ನು, ಕತ್ತರಿ, ಇಲಾಖೆಯವರ ಪಕ್ಕ ಕಂಪನಿಯವರು,
ಒಂದೇ ಹಾರಕ್ಕೆ ಎರಡು ಕೊರಳು.
ಆರು ವರ್ಷದ ರೇಟು, ತೂಕ, ಯಾರದು ಯಾವ ಊರು,
ಅದೆಲ್ಲ ಈಗ ಯಾರದ್ದು ಸಾರ್, ಅಂದೆ.
ಒಬ್ಬರನ್ನೊಬ್ಬರು ನೋಡಿಕೊಂಡು ನಕ್ಕರು.
ಒಪ್ಪಂದದಲ್ಲಿ ಅದು ಒಂದು ಸಾಲು:
ಹಸ್ತಾಂತರಿಸತಕ್ಕದ್ದು.

ನೋಟ್‌ಬುಕ್ಕು ಮಾತ್ರ ಯಾರೂ ಕೇಳಲಿಲ್ಲ.

ನನಗೂ ಹೊಸ ಕಾರ್ಡು. ಅದೇ ಗಂಡಭೇರುಂಡ,
ಹಿಂದೆ ಬಾಣದ ಬದಲು ಹಸಿರು ಎಲೆ.
ಸಂಜೆ ಕೌಂಟರು ಒರೆಸುವಾಗ
ಮಾರಾಟವಾಗದೆ ಉಳಿದ ಯಾವುದೋ ಗೂಡಿನ ಚಿಟ್ಟೆ
ಸ್ಕ್ಯಾನರಿನ ಕೆಂಪು ಗೆರೆಯ ಮೇಲೆ ಕೂತಿತ್ತು,
ರೆಕ್ಕೆ ಇನ್ನೂ ಒದ್ದೆ.
ಯಂತ್ರ ಎರಡು ಸಲ ಓದಲು ನೋಡಿ
ಸುಮ್ಮನಾಯಿತು.